ಬಸ್ಸಕ್ಕನ ನಾಗಸ್ವರ

ಬಸ್ಸಿನ ಬಾಗಿಲ ಬಳಿಯ ಉಕ್ಕಿನ ಕಂಬಿಯನ್ನು ಅವರು ಎರಡೂ ಕೈಗಳಿಂದ, ಒಂದರ ಕೆಳಗೆ ಒಂದಾಗಿ ಹಿಡಿದು ನಿಲ್ಲುತ್ತಿದ್ದರು. ಬೆರಳುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ಪೂರ್ತಿ ಏಳುತ್ತಿತ್ತು, ಇನ್ನೊಂದು ಅರ್ಧ ಎದ್ದು ಅಲ್ಲೇ ನಡುಗುತ್ತಿತ್ತು, ಮತ್ತೊಂದು ಕಂಬಿಯ ಮೇಲೆ ಒತ್ತಿ ಜಾರುತ್ತಿತ್ತು. ವರ್ಷಗಟ್ಟಲೆ ಬ್ಲೀಚಿನ ನೀರಿನಲ್ಲಿ ನೆಲ ಒರೆಸಿ ಬಿಳಿಚಿಕೊಂಡ, ಉಗುರಿನ ಸುತ್ತ ಸೀಳಿದ ಬೆರಳುಗಳು. ತಾಳ ಹಾಕುತ್ತಿದ್ದಾರೆಂದು ನಾನು ಬಹಳ ದಿನ ತಿಳಿದಿದ್ದೆ. ಅವು ಅಲ್ಲಿಲ್ಲದ ಒಂದು ನಾಗಸ್ವರದ ರಂಧ್ರಗಳನ್ನು ಮುಚ್ಚಿ ತೆರೆಯುತ್ತಿವೆ ಎಂಬುದು ಆಮೇಲೆ ಗೊತ್ತಾಯಿತು.

ನಾವಾಗ ಕುವೈತಿನ ಮಂಗಫ್‌ನಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ಅಪ್ಪನಿಗೆ ರಿಫೈನರಿಯಲ್ಲಿ ಕೆಲಸ. ನನ್ನ ಶಾಲೆ ಖೈತಾನ್‌ನಲ್ಲಿ. ಬೆಳಿಗ್ಗೆ ಆರಕ್ಕೂ ಮುಂಚೆ ನಮ್ಮ ಬಿಲ್ಡಿಂಗಿನ ಎದುರು ಮೊದಲು ಕಂಪನಿಯ ಬಸ್ಸುಗಳು ಬಂದು ಗಂಡಸರನ್ನು ತುಂಬಿಕೊಂಡು ಹೋಗುತ್ತಿದ್ದವು. ಅವುಗಳ ಹಿಂದೆ ನಮ್ಮ ಸ್ಕೂಲ್ ಬಸ್ಸು. ಅದರಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಅವರು. ಉಳಿದವರೆಲ್ಲ ಆಯಾ ಎಂದೇ ಕರೆಯುತ್ತಿದ್ದರು. ನಾನೊಬ್ಬಳು ಬಸ್ಸಕ್ಕ ಎನ್ನುತ್ತಿದ್ದೆ. ಹಾಗೆ ಕರೆಯಲು ಹೇಳಿದವರು ಅವರೇ.

"ಆಯಾ ಅಂತ ಕುವೈತ್ ಇಡೀ ಕರೀತದೆ. ನೀನು ಕನ್ನಡದ ಬಾಲೆ ಅಲ್ವಾ? ಅಕ್ಕ ಹೇಳು."

ಬಾಲೆ ಎಂದರೆ ಅವರ ತುಳುವಿನಲ್ಲಿ ಮಗು.

ಕಾಂಟ್ರಾಕ್ಟರು ಕೊಟ್ಟ ನೀಲಿ ಕೋಟು, ಧೂಳಿಗೆಂದು ತಲೆಗೆ ಕಟ್ಟಿದ ಬಟ್ಟೆ. ಕೋಟಿನ ಜೇಬಿನಲ್ಲಿ ವಾಂತಿ ಮಾಡುವ ಮಕ್ಕಳಿಗಾಗಿ ಪ್ಲಾಸ್ಟಿಕ್ ಚೀಲಗಳು, ಶುಂಠಿ ಪೆಪ್ಪರಮಿಂಟು, ಪಿನ್ನು. ಮಕ್ಕಳು ಹತ್ತುವಾಗ ಒಬ್ಬೊಬ್ಬರ ತಲೆ ಮುಟ್ಟಿ ತುಳುವಿನಲ್ಲಿ ಎಣಿಸುತ್ತಿದ್ದರು: ಒಂಜಿ, ರಡ್ಡ್, ಮೂಜಿ. ಎಲ್ಲರೂ ಇಳಿದ ಮೇಲೂ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡದೆ ಬಸ್ಸಿನಿಂದ ಇಳಿದವರಲ್ಲ. ನಿದ್ದೆಹೋದ ಮಗುವೊಂದು ಬೇಸಿಗೆಯ ಬಸ್ಸಿನಲ್ಲಿ ಉಳಿದುಬಿಟ್ಟರೆ ಏನಾಗುತ್ತದೆಂದು ಯೋಚಿಸಿಯೇ ಅವರಿಗೆ ಬೆವರು ಬರುತ್ತಿತ್ತು.

ನನಗೆ ಒಂಬತ್ತು ವರ್ಷ. ಬಸ್ಸು ಹೆದ್ದಾರಿಗೆ ಬರುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ವಾರಕ್ಕೆ ಎರಡು ಸಲವಾದರೂ ವಾಂತಿ. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಒಂದು ದಿನ ಬಸ್ಸಕ್ಕ ನನ್ನನ್ನು ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡರು.

"ಮೂಗಿನಿಂದ ಉಸಿರು ತಗೊ ಮಗಾ. ಹಾಂ. ಈಗ ಬಾಯಿ ತೆರೆದು ನನ್ನೊಟ್ಟಿಗೆ 'ಸಾ' ಹಿಡಿ. ಬಿಡ್ಬೇಡ."

"ವೈ?" ಎಂದೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೂ ನಾನು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಕಾಲ ಅದು.

"ವೈ ಗಿಯ್ ಎಂತ ಇಲ್ಲ. ಗಂಟಲಿಗೆ ಕೆಲಸ ಕೊಟ್ರೆ ಹೊಟ್ಟೆ ಸುಮ್ಮನಿರ್ತದೆ."

ಹಿಡಿದೆ. ಖೈತಾನ್ ಬರುವವರೆಗೂ ಹಿಡಿದೆ. ಅಂದು ವಾಂತಿಯಾಗಲಿಲ್ಲ. ಮರುದಿನ ಸಾ ಜೊತೆಗೆ ಪಾ ಬಂತು. ಮೂರನೆಯ ವಾರಕ್ಕೆ ಅವರು ತಮ್ಮ ಪಾಡಿಗೆ ಗುನುಗುತ್ತಿದ್ದ ಒಂದು ಹಾಡಿನ ಮೊದಲ ಸಾಲು ನನಗೆ ಬರುತ್ತಿತ್ತು. ಅದರಲ್ಲಿ ಮಾತುಗಳೇ ಇರಲಿಲ್ಲ. ತಾ, ರೀ, ನಾ ಎಂಬಂಥ ಸದ್ದುಗಳು, ಕೆಲವೆಡೆ ಬರೀ ಮೂಗಿನ ನಾದ. ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ತೂಗಬೇಕು, ಎಲ್ಲಿ ಉಸಿರು ಕದಿಯಬೇಕು ಎಂಬುದರಲ್ಲಿ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ತಪ್ಪಿದರೆ ಮತ್ತೆ ಮೊದಲಿಂದ.

"ಹಾಡಿನ ಮಾತು ಏನು?" ಎಂದು ಒಂದು ದಿನ ಕೇಳಿದೆ.

"ಶಬ್ದ ನಂಗೆ ಬರುದಿಲ್ಲ ಮಗಾ. ನಂಗೆ ಗೊತ್ತಿರುದು ಅಪ್ಪ ಊದಿದ್ದು. ವಾಲಗಕ್ಕೆ ಶಬ್ದ ಎಲ್ಲಿ ಉಂಟು?"

ಅವರ ಕಥೆ ನನಗೆ ಒಂದೇ ದಿನ ಗೊತ್ತಾದದ್ದಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಸ್ವಲ್ಪ, ಶಾಲೆಯ ಗೇಟು ತೆರೆಯಲು ಕಾಯುವಾಗ ಸ್ವಲ್ಪ. ಉಡುಪಿಯ ಕಡೆಯ ಒಂದು ದೇವಿ ದೇವಸ್ಥಾನದಲ್ಲಿ ಅವರ ಮನೆಯವರಿಗೆ ತಲೆಮಾರುಗಳಿಂದ ವಾಲಗದ ಕೆಲಸ. ಅಪ್ಪ ಬೆಳಿಗ್ಗೆ ಬಾಗಿಲು ತೆರೆಯುವಾಗಿನಿಂದ ರಾತ್ರಿ ಪೂಜೆಯವರೆಗೆ ನಾಗಸ್ವರ ಊದುತ್ತಿದ್ದರು. ಹೆಣ್ಣುಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ತಮ್ಮನಿಗೆ ಪಾಠ ನಡೆಯುವಾಗ ಇವರು ಹಿತ್ತಿಲಲ್ಲಿ ಪಪ್ಪಾಯಿ ಎಲೆಯ ದಂಟಿಗೆ ತೂತು ಕೊರೆದು, ಊದದೆ, ಬರೀ ಬೆರಳಾಡಿಸುತ್ತ ಕೂರುತ್ತಿದ್ದರಂತೆ. ಹಾಗೆ ಕಲಿತದ್ದು. ಮದುವೆಯಾಯಿತು, ಒಂದು ಹೆಣ್ಣುಮಗುವಾಯಿತು, ಗಂಡ ತೀರಿಕೊಂಡರು. ಮಗುವಿಗೆ ಮೂರು ವರ್ಷವಾದಾಗ ತಮ್ಮನ ಮನೆಯಲ್ಲಿ ಬಿಟ್ಟು ಕುವೈತಿಗೆ ಬಂದರು. ಮೊದಲು ಒಂದು ಮನೆಯ ಕೆಲಸ, ಆಮೇಲೆ ಈ ಬಸ್ಸು.

"ನಿನ್ನದೇ ಪ್ರಾಯ ಅವಳಿಗೆ," ಎಂದಿದ್ದರು. "ಶುಕ್ರವಾರ ಫೋನ್ ಮಾಡ್ತೇನೆ. ಅವಳು ಬರುದಿಲ್ಲ ಫೋನಿಗೆ. ಆಟ ಆಡ್ತಾಳೆ ಅಂತ ಅವಳ ಅತ್ತೆ, ನನ್ನ ತಮ್ಮನ ಹೆಂಡ್ತಿ, ಹೇಳ್ತಾಳೆ. ಆಡ್ಲಿ."

ರಾಗದ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಹಾಡುಗಳನ್ನು ಅವರು ಗುರುತಿಸುತ್ತಿದ್ದದ್ದು ಪೂಜೆಯಿಂದ. ಇದು ಬಾಗಿಲು ತೆರೆಯುವ ಹಾಡು, ಇದು ಅಭಿಷೇಕದ್ದು, ಇದು ಅಲಂಕಾರ ಆಗುವಾಗ ಪರದೆಯ ಹೊರಗೆ ಊದುವುದು, ಇದು ಬಲಿಗೆ, ಅಂದರೆ ಗುಡಿಯ ಸುತ್ತಿನ ಮೆರವಣಿಗೆಗೆ, ದೇವಿಯನ್ನು ತಲೆಯ ಮೇಲೆ ಹೊತ್ತು ಹೊರಡುವಾಗಿನದು. ದೇವಿಯನ್ನು ಅವರು ಅಪ್ಪೆ ಎನ್ನುತ್ತಿದ್ದರು, ತುಳುವಿನಲ್ಲಿ ಅಮ್ಮ. "ಅಪ್ಪೆಗೆ ನಿದ್ದೆಯಿಂದ ಎದ್ದ ಕೂಡ್ಲೇ ಜೋರು ಸ್ವರ ಆಗುದಿಲ್ಲ. ಮೆಲ್ಲ ಶುರು ಮಾಡ್ಬೇಕು," ಎಂದು ಬೆಳಗಿನ ಹಾಡನ್ನು ಪಿಸುದನಿಯಲ್ಲಿ ಆರಂಭಿಸುತ್ತಿದ್ದರು. ಅಲಂಕಾರದ ಹಾಡಿನಲ್ಲಿ ಒಂದು ಕಡೆ ಸ್ವರ ಸುತ್ತಿ ಸುತ್ತಿ ಮೇಲೇರುತ್ತದೆ. ಅಲ್ಲಿ, "ಈಗ ಜಡೆ ಹೆಣೀತಿದ್ದಾರೆ, ಅವಸರ ಮಾಡ್ಬೇಡ," ಎನ್ನುತ್ತಿದ್ದರು. ದೇವರೆಂದರೆ ನನಗೆ ಅದುವರೆಗೆ ಅಡುಗೆಮನೆಯ ಕಪಾಟಿನಲ್ಲಿದ್ದ ಒಂದು ಪಟ. ಎದ್ದು, ಮಿಂದು, ಜಡೆ ಹೆಣೆಸಿಕೊಂಡು, ತಿರುಗಾಡಿ ಬಂದು ಮಲಗುವ ಒಬ್ಬಳು ಹೆಂಗಸು ದೇವರಾಗಿರಬಹುದೆಂದು ನನಗೆ ತಿಳಿದದ್ದು ಆ ಬಸ್ಸಿನಲ್ಲಿ.

ಡ್ರೈವರು ಒಬ್ಬ ಪಠಾಣ. ನಾವು ಹಾಡಲು ಶುರುಮಾಡಿದರೆ ರೇಡಿಯೊ ಆರಿಸಿಬಿಡುತ್ತಿದ್ದ. ಬಸ್ಸಕ್ಕನನ್ನು ಅವನು ಕರೆಯುತ್ತಿದ್ದದ್ದು ಉಸ್ತಾದ್ ಎಂದು. "ಯಲ್ಲಾ ಉಸ್ತಾದ್, ಚಲೋ," ಎಂದು ಗೇರು ಹಾಕುತ್ತಿದ್ದ. ತಮಾಷೆಗೆ ಹೇಳುತ್ತಾನೆಂದು ನಾವೆಲ್ಲ ನಗುತ್ತಿದ್ದೆವು. ಅವನು ಮಾತ್ರ ನಗುತ್ತಿರಲಿಲ್ಲ.

ಮಲಗಿಸುವ ಹಾಡನ್ನು ಮಾತ್ರ ಅವರು ಕಲಿಸಲು ಒಪ್ಪಿರಲಿಲ್ಲ. "ಅಪ್ಪೆಯನ್ನು ಹಗಲಿಗೆ ಮಲಗಿಸ್ಲಿಕ್ಕುಂಟಾ?" ಎಂದು ನಕ್ಕು ಬಿಡುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಶಾಲೆಯಿಂದ ಹಿಂದಿರುಗುವಾಗ ದೊಡ್ಡ ಧೂಳಿನ ಗಾಳಿ ಎದ್ದಿತು. ಮೊದಲು ಆಕಾಶ ಕೇಸರಿಯಾಯಿತು, ಆಮೇಲೆ ಕಂದು, ಆಮೇಲೆ ಎದುರಿನ ಕಾರಿನ ದೀಪವೂ ಕಾಣದಂತಾಯಿತು. ಡ್ರೈವರು ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಕಿಟಕಿಗಳ ಸಂದಿನಿಂದ ನುಣ್ಣನೆಯ ಮರಳು ಒಳಗೆ ಬರುತ್ತಿತ್ತು. ಚಿಕ್ಕ ಮಕ್ಕಳು ಗೊಳೋ ಎಂದು ಅಳತೊಡಗಿದರು. ಬಸ್ಸಕ್ಕ ಒದ್ದೆ ಮಾಡಿದ ಕರವಸ್ತ್ರಗಳನ್ನು ಎಲ್ಲರ ಮೂಗಿಗೆ ಕಟ್ಟಿ, ಅತ್ತಿತ್ತ ನೋಡಿ, "ಹೇಗೂ ಕತ್ತಲೆ ಆಯ್ತಲ್ಲ," ಎಂದರು.

ಅಂದು ಹಾಡಿದರು. ಬಸ್ಸಿನ ನಡುವೆ ನಿಂತು, ಕಣ್ಣು ಮುಚ್ಚಿ, ದಪ್ಪನೆಯ ಧ್ವನಿಯಲ್ಲಿ. ಬಹಳ ನಿಧಾನವಾದ ಹಾಡು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಮನಸ್ಸೇ ಇಲ್ಲವೆಂಬಂತೆ ಹೋಗುತ್ತಿತ್ತು. ಒಂದೊಂದಾಗಿ ಅಳು ನಿಂತಿತು. ಗಾಳಿ ಇಳಿಯುವ ಹೊತ್ತಿಗೆ ಅರ್ಧ ಬಸ್ಸು ನಿದ್ದೆಹೋಗಿತ್ತು. ಡ್ರೈವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತಿದ್ದ.

ಮನೆಗೆ ಬಂದು ಅದನ್ನೇ ಗುನುಗುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಇದನ್ನ ಎಲ್ಲಿ ಕಲಿತೆ? ಇದು ನಮ್ಮಜ್ಜಿ ಹಾಡ್ತಿದ್ದ ಅಮ್ಮನವರ ಕೀರ್ತನೆ ಕಣೇ!"

"ಬಸ್ಸಕ್ಕ," ಎಂದೆ.

"ಬಸ್ಸಲ್ಲಿರೋ ಆಯಾನಾ?" ಅಮ್ಮ ನಂಬಲಿಲ್ಲ. ಅಟ್ಟದ ಮೇಲಿನ ಸೂಟ್‌ಕೇಸಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ಮೈಸೂರಿನಿಂದ ತಂದದ್ದು, ಅವಳ ಅಜ್ಜಿ ಕೈಯಿಂದ ಬರೆದಿಟ್ಟ ಹಾಡುಗಳು. ನಾನು ಬಸ್ಸಿನಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ಗುನುಗಿದೆ. ಅಮ್ಮ ಪುಟ ತಿರುಗಿಸಿ ತಿರುಗಿಸಿ ಮಾತುಗಳನ್ನು ಹುಡುಕಿದಳು. ಏಳು ಹಾಡುಗಳಿಗೆ ಸಿಕ್ಕವು. ಆದರೆ ಅವನ್ನು ಬಸ್ಸಕ್ಕನಿಗೆ ಓದಿ ಹೇಳುವವರು ಯಾರು? ನನಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಬಸ್ಸಕ್ಕ ಎರಡನೇ ತರಗತಿಗೇ ಶಾಲೆ ಬಿಟ್ಟವರು.

"ಅಆಇಈ ನಂಗೆ ಬರ್ತದೆ," ಎಂದರು ಅವರು. "ಒತ್ತಕ್ಷರ ಬಂದ್ರೆ ಮಾತ್ರ ಕಷ್ಟ. ನಂಗೆ ಬರುವಷ್ಟು ನಿಂಗೆ ಹೇಳಿಕೊಡ್ತೇನೆ. ಒತ್ತಕ್ಷರ ನೀನು ಅಮ್ಮನ ಹತ್ರ ಕೇಳಿ ಬಂದು ನಂಗೆ ಹೇಳಿಕೊಡು."

ಹೀಗೆ ನಾನು ಕನ್ನಡ ಕಲಿತೆ. ಬಸ್ಸಿನ ಕಿಟಕಿಯ ಗಾಜಿಗೆ ಮೆತ್ತಿಕೊಂಡ ಧೂಳಿನಲ್ಲಿ ಅವರು ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ಅದರ ಮೇಲೆ ನಾನು ತಿದ್ದುತ್ತಿದ್ದೆ. ಸಂಜೆ ಅಮ್ಮನ ಹತ್ತಿರ ಒತ್ತಕ್ಷರ, ಬೆಳಿಗ್ಗೆ ಅದನ್ನು ಬಸ್ಸಕ್ಕನಿಗೆ ಒಪ್ಪಿಸುವುದು. ಅಮ್ಮ ಐದು ವರ್ಷ ಹೇಳಿ ಹೇಳಿ ಸೋತಿದ್ದ ಕೆಲಸ ಐದು ತಿಂಗಳಲ್ಲಿ ಆಯಿತು. ನಾನೂ ಬಸ್ಸಕ್ಕನೂ ತಲೆಗೆ ತಲೆ ತಾಗಿಸಿ ಅಜ್ಜಿಯ ಗುಂಡು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಸ್ವರಕ್ಕೆ ಕೂರಿಸುತ್ತಿದ್ದೆವು. ಒಂದು ಮಾತು ಸರಿಯಾಗಿ ಕೂತರೆ ಅವರು ನನ್ನ ತೊಡೆಗೆ ಚಟ್ಟನೆ ಹೊಡೆಯುತ್ತಿದ್ದರು. "ನೋಡು, ನೋಡು! ಇದಕ್ಕೇ ಅಪ್ಪ ಇಲ್ಲಿ ಎಳೆದದ್ದು!"

ಮಲಗಿಸುವ ಹಾಡಿನ ಮಾತು ಬಿಡಿಸಲು ಹೆಚ್ಚು ದಿನ ಹಿಡಿಯಿತು. ಅರ್ಥವನ್ನು ಅಮ್ಮನಿಂದ ಕೇಳಿಕೊಂಡು ಬಂದು ನನಗೆ ತಿಳಿದ ಹಾಗೆ ಹೇಳಿದೆ. ಅದು ಜೋಗುಳವಾಗಿರಲಿಲ್ಲ. ದೂರು. ಎಲ್ಲರಿಗೂ ಬಾಗಿಲು ತೆರೆದವಳು ನನ್ನೊಬ್ಬನ ಎದುರು ಯಾಕೆ ಮುಚ್ಚಿಕೊಂಡೆ, ನಾನಿನ್ನು ಯಾರಲ್ಲಿ ಹೋಗಿ ಕೇಳಲಿ ಎಂದು ಒಬ್ಬ ಮಗ ತಾಯಿಯನ್ನು ಹಿಡಿದು ನಿಲ್ಲಿಸಿ ಕೇಳುವ ಹಾಡು.

ಬಸ್ಸಕ್ಕ ಉಳಿದ ಮಕ್ಕಳನ್ನು ಇಳಿಸಿದರು, ಸೀಟುಗಳ ಕೆಳಗೆ ಬಗ್ಗಿ ನೋಡಿದರು, ಬಂದು ನನ್ನ ಹತ್ತಿರ ನಿಂತರು.

"ನಂಗಿಂತ ಮೊದ್ಲು ಹುಟ್ಟಿದ ಇಬ್ಬರು ಅಣ್ಣಂದಿರು ಉಳೀಲಿಲ್ಲ ಮಗಾ. ಅಪ್ಪ ಒಂದು ದಿನ ಬಾಯಿ ಬಿಟ್ಟು ಅತ್ತವರಲ್ಲ. ಅಪ್ಪೆ ಕೊಟ್ಟದ್ದು, ಅಪ್ಪೆ ತಗೊಂಡದ್ದು ಅಂತಿದ್ರು. ರಾತ್ರಿಪೂಜೆಗೆ ಇದನ್ನೇ ಊದುದು, ಬೇರೆ ಊದ್ತಿರ್ಲಿಲ್ಲ. ಅಪ್ಪೆಯನ್ನು ಮಲಗಿಸ್ತಿದ್ದಾರೆ ಅಂತ ಗ್ರಹಿಸಿದ್ದೆ ನಾನು." ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. "ಅಷ್ಟು ವರ್ಷ ಅಪ್ಪೆಯ ಹತ್ರ ಜಗಳ ಮಾಡ್ತಿದ್ದದ್ದಾ ಅಪ್ಪ!"

"ಅವರಿಗೆ ಮಾತು ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲದೆ ಅಷ್ಟು ಎಳೆದು ಊದ್ಲಿಕ್ಕೆ ಆಗ್ತದಾ?"

ನಾಲ್ಕು ವರ್ಷ ಹೀಗೆ ನಡೆಯಿತು. ಹನ್ನೊಂದು ಹಾಡುಗಳಾದವು. ಅಷ್ಟರಲ್ಲಿ ಅಮ್ಮ ನನ್ನನ್ನು ನಮ್ಮ ಬೀದಿಯಲ್ಲೇ ಪಾಠ ಹೇಳುತ್ತಿದ್ದ ಸಂಗೀತದ ಮೇಡಂ ಒಬ್ಬರ ಬಳಿಗೆ ಸೇರಿಸಿದ್ದಳು. ಮೇಡಂ ಒಳ್ಳೆಯವರೇ. ಆದರೆ ನಾನು ಸ್ವರ ಎಳೆದರೆ ಹುಬ್ಬು ಗಂಟಿಕ್ಕುತ್ತಿದ್ದರು. "ಯಾರಮ್ಮಾ ಇದನ್ನ ನಿನಗೆ ಅಂಟಿಸಿದ್ದು? ಓಲಗ ಊದಿದ ಹಾಗಿದೆ." ನಾನು ತಲೆ ತಗ್ಗಿಸುತ್ತಿದ್ದೆ. ಹದಿಮೂರು ತುಂಬಿತ್ತು. ಬಸ್ಸಿನಲ್ಲಿ ಗೆಳತಿಯರ ಜೊತೆ ಹಿಂದೆ ಕೂರುವ ಆಸೆ. "ಯು ಆರ್ ಆಯಾಸ್ ಪೆಟ್," ಎಂದು ಅವರು ಛೇಡಿಸಿದರೆ ಮುಖ ಬಿಸಿಯಾಗುತ್ತಿತ್ತು.

ಆ ವರ್ಷದ ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಪರಿಚಯದ ಮನೆಗಳವರು ಒಂದೊಂದು ಸಂಜೆ ಒಂದೊಂದು ಫ್ಲ್ಯಾಟಿನಲ್ಲಿ ಸೇರಿ, ಕಿಟಕಿ ಮುಚ್ಚಿ, ದೇವಿಯ ಹಾಡು ಹಾಡಿ, ಆರತಿ ಎತ್ತುವುದು ವಾಡಿಕೆ. ಶುಕ್ರವಾರ ನಮ್ಮ ಸರದಿ. ಹಿಂದಿನ ದಿನ ನನ್ನನ್ನು ಹತ್ತಿಸಲು ಕೆಳಗೆ ಬಂದ ಅಮ್ಮ ಬಸ್ಸಕ್ಕನಿಗೆ, "ನಾಳೆ ಸಂಜೆ ನೀವೂ ಬನ್ನಿ. ಸ್ವಲ್ಪ ಕೈ ನೆರವಾದ ಹಾಗೂ ಆಗುತ್ತೆ," ಎಂದಳು.

ಅವರು ಆ ಮಾತಿನ ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದರು. ಹಸಿರು ರೇಷ್ಮೆ ಸೀರೆ ಉಟ್ಟು, ಎಲ್ಲಿಂದಲೋ ಮಲ್ಲಿಗೆ ಹುಡುಕಿ ತಂದು ಬಂದರು. ಅವರನ್ನು ಕೋಟಿಲ್ಲದೆ ನಾನು ನೋಡಿದ್ದು ಅದೇ ಮೊದಲು. ತಲೆ ಬಾಚಿದ್ದು, ಕುಂಕುಮ, ಕಿವಿಯಲ್ಲಿ ಸಣ್ಣ ಬೆಂಡೋಲೆ. ಗೊಂಬೆಗಳ ಮುಂದೆ ಹೂವಿಟ್ಟು ಕೈಮುಗಿದು, ಕೂರಲು ಜಾಗ ನೋಡಿದರು. ಅಷ್ಟರಲ್ಲಿ ಅಮ್ಮ, "ಬಂದ್ರಾ, ಬನ್ನಿ ಬನ್ನಿ, ಉಸಲಿ ಸ್ವಲ್ಪ ತಟ್ಟೆಗೆ ಹಾಕಿಡ್ತೀರಾ?" ಎಂದಳು. ಬಸ್ಸಕ್ಕ ಒಂದು ಗಳಿಗೆ ಅಲ್ಲೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.

ನಾನು ಹಾಡಿದೆ. ಅಲಂಕಾರದ ಹಾಡು. ಮೇಡಂ ಎದುರಿಗೇ ಕೂತಿದ್ದರೂ ಅಂದು ನನಗೆ ಮೇಡಂ ಹೇಳಿದಂತೆ ಹಾಡಲು ಬರಲಿಲ್ಲ. ಬಸ್ಸಿನಲ್ಲಿ ಹಾಡಿದಂತೆಯೇ ಹಾಡಿದೆ. ಜಡೆ ಹೆಣೆಯುವಲ್ಲಿ ಅವಸರ ಮಾಡಲಿಲ್ಲ. ಮುಗಿದಾಗ ಸಾಲ್ಮಿಯಾದಿಂದ ಬಂದಿದ್ದ ಹಿರಿಯ ಡಾಕ್ಟರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮಗೂ, ಇಂಥ ಪಾಠ ಈಗ ಎಲ್ಲೂ ಸಿಗಲ್ಲ. ಯಾರಮ್ಮಾ ನಿನ್ನ ಗುರುಗಳು?"

ಬಸ್ಸಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಉಸಲಿಯ ತಟ್ಟೆಗಳು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ನಾಚಿಕೆಯಿತ್ತು. ಈಗ ತಮ್ಮನ್ನು ಕರೆಯುತ್ತಾರೆ ಎಂದು ಕಾಯುವವರ ನಾಚಿಕೆ. ನನ್ನ ಗೆಳತಿಯರು ಇಬ್ಬರು ನನ್ನ ಪಕ್ಕದಲ್ಲೇ ಕೂತಿದ್ದರು.

"ಮೇಡಂ," ಎಂದೆ.

ಎಲ್ಲರೂ ಮೇಡಂ ಕಡೆಗೆ ತಿರುಗಿದರು. ಮೇಡಂ ಏನೋ ಹೇಳಲು ಬಾಯಿ ತೆರೆದರು, ಆಮೇಲೆ ನಕ್ಕು ಸುಮ್ಮನಾದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗೊಂಬೆಯ ಮುಂದಿನ ದೀಪದ ಬತ್ತಿ ಸರಿಮಾಡತೊಡಗಿದಳು. ಬಸ್ಸಕ್ಕ ತಟ್ಟೆಗಳನ್ನು ಹಂಚುತ್ತ ಬಂದರು. ನನ್ನ ಬಳಿ ಬಂದಾಗ ಬಗ್ಗಿ, ಯಾರಿಗೂ ಕೇಳದಂತೆ, "ಮೊದ್ಲು ನೀರು ಕುಡಿ ಮಗಾ. ಗಂಟಲು ಒಣಗಿರ್ತದೆ," ಎಂದರು.

ಭಾನುವಾರ ಬಸ್ಸು ಹತ್ತುವಾಗ ಎಂದಿನಂತೆ ತಲೆ ಮುಟ್ಟಿ ಎಣಿಸಿದರು. ಮುಂದಿನ ಸೀಟಿನ ಮೇಲೆ ಇಟ್ಟಿದ್ದ ತಮ್ಮ ಚೀಲವನ್ನು ನನಗಾಗಿ ಎತ್ತಿಕೊಂಡರು. ನಾನು ನೋಡದವಳ ಹಾಗೆ ಹಿಂದೆ ಹೋಗಿ ಕೂತೆ. ಕ್ಷಮೆ ಕೇಳಬೇಕೆಂದರೆ ಮುಂದೆ ಕೂರಬೇಕಿತ್ತು. ಮುಂದೆ ಕೂತರೆ ಹಾಡಬೇಕಿತ್ತು. ಹಾಡಲು ನನಗೆ ಮುಖವಿರಲಿಲ್ಲ. ದಿನ ಕಳೆದಂತೆ ಅದು ಇನ್ನೂ ಕಷ್ಟವಾಯಿತು. ಅವರೂ ಕರೆಯಲಿಲ್ಲ. ಹಾಡುವುದನ್ನೂ ನಿಲ್ಲಿಸಿದರು. ಡ್ರೈವರು ಕೆಲವು ದಿನ ರೇಡಿಯೊ ಆರಿಸಿ ಕಾದ. ಆಮೇಲೆ ಅವನೂ ಬಿಟ್ಟ.

ಬೇಸಿಗೆ ರಜೆ ಮುಗಿಸಿ ಮೈಸೂರಿನಿಂದ ಬಂದಾಗ ಬಸ್ಸಿನ ಬಾಗಿಲಲ್ಲಿ ಬೇರೊಬ್ಬ ಹೆಂಗಸು ನಿಂತಿದ್ದಳು. ಬಸ್ಸಕ್ಕ ಎಲ್ಲಿ ಎಂದು ಡ್ರೈವರನ್ನು ಕೇಳಿದೆ.

"ವ್ಹೋ ಗಯೀ. ಖಲಾಸ್," ಎಂದ. ಗಂಟಲು ಮುಟ್ಟಿ ತೋರಿಸಿದ. ಗಂಟಲಲ್ಲಿ ಗಂಟಾಗಿತ್ತಂತೆ. ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ಮುಗಿಯುತ್ತ ಬಂದಿತ್ತು, ಕಾಂಟ್ರಾಕ್ಟರು ಮುಂದುವರಿಸಲಿಲ್ಲ, ಊರಿಗೆ ಕಳಿಸಿದರು. ಹೊರಡುವ ಮುಂಚೆ ಏನಾದರೂ ಹೇಳಿದರೇ ಎಂದು ಕೇಳಿದೆ. ಅವನು ನನ್ನನ್ನು ಕನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿ, ಇಲ್ಲ ಎಂದು ತಲೆಯಾಡಿಸಿದ.

ನಾನು ಓದಲು ಮೈಸೂರಿಗೆ ಹೋದೆ, ಫಿಸಿಯೋಥೆರಪಿ ಮುಗಿಸಿದೆ, ಕುವೈತಿಗೇ ಮರಳಿ ಒಂದು ಕ್ಲಿನಿಕ್ ಸೇರಿದೆ. ಇಷ್ಟು ವರ್ಷಗಳಲ್ಲಿ ನವರಾತ್ರಿಗೆ ಯಾರು ಹಾಡು ಎಂದರೂ ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಳ್ಳುತ್ತಿದ್ದೆ. ಅಮ್ಮ ಒತ್ತಾಯ ಮಾಡುತ್ತಿರಲಿಲ್ಲ. ಒಂದು ಸಲ ಮಾತ್ರ, ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತ, ತಲೆಯೆತ್ತದೆ ಅಂದಳು: "ನೀನು ಚಿಕ್ಕವಳು. ಅವತ್ತು ನಾನಾದರೂ ಹೇಳಬೇಕಿತ್ತು ಕಣೇ."

ಕಳೆದ ವರ್ಷ ನಮ್ಮ ಮನೆಯ ಕೆಳಗಿನ ಬಕಾಲಾ ಅಂಗಡಿಗೆ ಹಾಲು ತರಲು ಹೋದಾಗ ಕೌಂಟರಿನಲ್ಲಿ ಆ ಪಠಾಣ ಡ್ರೈವರು ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು. ಈಗ ರಿಫೈನರಿಯ ಬಸ್ಸು ಓಡಿಸುತ್ತಾನೆ. ನನಗೆ ಗುರುತು ಸಿಕ್ಕಿತು, ಅವನಿಗೂ ಸಿಕ್ಕಿತು. ಬಸ್ಸಕ್ಕನ ಸುದ್ದಿ ಕೇಳಿದೆ. ಫೋನಿನಲ್ಲಿ ಹುಡುಕಿ ಅವರ ತಮ್ಮನ ನಂಬರು ಕೊಟ್ಟ. ಮನೆಗೆ ಬಂದು ಫೋನ್ ಮಾಡಿದೆ.

"ಅಕ್ಕ ಹೋಗಿ ಮೂರು ವರ್ಷ ಆಯ್ತಲ್ಲ," ಎಂದಿತು ಒಂದು ಮುದಿ ದನಿ. "ನೀವು ಯಾರು?"

ಕುವೈತಿನಿಂದ ಎಂದಷ್ಟೇ ಹೇಳಿ, ಊರಿನ ದಾರಿ ಕೇಳಿ ಬರೆದುಕೊಂಡೆ.

ರಜೆ ಹಾಕಿ ಹೋದೆ. ಉಡುಪಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವರ ಮಗಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನನ್ನದೇ ವಯಸ್ಸು. ಹೊಲಿಗೆ ನಿಲ್ಲಿಸದೆ ನನ್ನನ್ನು ನೋಡಿದಳು.

"ಕುವೈತಿನವರಾ?"

ಹೌದೆಂದೆ. ಸ್ಕೂಲ್ ಬಸ್ಸಿನಲ್ಲಿ ನಿಮ್ಮ ಅಮ್ಮ ನನಗೆ ಹಾಡು ಕಲಿಸುತ್ತಿದ್ದರು ಎಂದೆ. ಮೆಷಿನ್ನು ನಿಂತಿತು.

"ಹಾಗಾದ್ರೆ ಅದು ನಿಜವಾ?" ಎಂದಳು.

ಅವಳು ಹೇಳಿದ್ದು ಇಷ್ಟು. ಊರಿಗೆ ಬಂದ ಕೂಡಲೇ ಅಮ್ಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಆಮೇಲೆ ಇದ್ದಷ್ಟು ವರ್ಷವೂ ಅವರು ಹೇಳಬೇಕಾದ್ದನ್ನು ಒಂದು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಎರಡನೇ ತರಗತಿ ಓದಿದವರಿಗೆ ಅಷ್ಟು ಒತ್ತಕ್ಷರ ಎಲ್ಲಿಂದ ಬಂತೆಂದು ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. ಒಮ್ಮೆ ಬರೆದಿದ್ದರಂತೆ: ಕುವೈತಿನಲ್ಲಿ ನನಗೊಬ್ಬಳು ಶಿಷ್ಯೆ ಇದ್ದಾಳೆ, ಅವಳಿಗೆ ಅಪ್ಪನ ಹನ್ನೊಂದು ಹಾಡು ಬರುತ್ತದೆ, ದೊಡ್ಡ ದೊಡ್ಡವರ ಎದುರು ಹಾಡಿದಳು.

"ನಾನು ನಂಬ್ಲಿಲ್ಲ," ಎಂದಳು ಮಗಳು. "ಅಮ್ಮನ ಬಾಯಲ್ಲಿ ಒಂದು ದಿನ ಹಾಡು ಕೇಳಿದವಳಲ್ಲ ನಾನು. ಎರಡು ವರ್ಷಕ್ಕೊಮ್ಮೆ ಬರ್ತಿದ್ರು, ಮಾವನ ಎದುರು ಬಾಯಿ ಬಿಡ್ತಿರ್ಲಿಲ್ಲ. ಇಲ್ಲಿ ಹೆಂಗಸರು ಅದನ್ನೆಲ್ಲ ಹಾಡುದು ಅಂತ ಇರ್ಲಿಲ್ಲ. ಸೀಕಿನವರಲ್ವಾ, ಎಂತೆಂತದೋ ಬರೀತಾರೆ ಅಂತ ಗ್ರಹಿಸಿದೆ. ಅಷ್ಟು ಕಲಿತ ಹುಡುಗಿ ಇದ್ರೆ ಒಂದು ಫೋನಾದ್ರೂ ಬರ್ಬೇಕಿತ್ತಲ್ಲ ಅಂತ ಅವರಿಗೇ ಹೇಳಿದೆ. ಅಮ್ಮ ಪುಸ್ತಕ ಮುಚ್ಚಿ ಆಚೆ ಇಟ್ರು."

ನನಗೆ ಕೂರಲಾಗಲಿಲ್ಲ. ನಿಂತುಕೊಂಡೇ ಆ ನವರಾತ್ರಿಯ ಸಂಜೆಯದೆಲ್ಲ ಹೇಳಿದೆ. ಯಾರು ಕೇಳಿದರು, ನಾನು ಯಾರ ಹೆಸರು ಹೇಳಿದೆ, ಅವರು ಎಲ್ಲಿ ನಿಂತಿದ್ದರು, ಆಮೇಲೆ ನೀರು ಕುಡಿ ಎಂದದ್ದು. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅದರ ದಾರವನ್ನು ಒಂದೊಂದಾಗಿ ಕೀಳುತ್ತ ಕೂತಳು.

"ನಾನು ಫೋನಿಗೇ ಬರ್ತಿರ್ಲಿಲ್ಲ," ಎಂದಳು ಕೊನೆಗೆ. "ಅತ್ತೆ ಕರೆದ್ರೆ ಓಡಿ ಹೋಗ್ತಿದ್ದೆ."

ಹೊರಗೆ ಯಾರೋ ಗಿರಾಕಿ ಬಂದು ಕರೆದರು. ಅವಳು ಆಮೇಲೆ ಬನ್ನಿ ಎಂದು ಕಳಿಸಿ, ಬಾಗಿಲು ಅರ್ಧ ಮುಂದೆ ಮಾಡಿ, ನನಗೊಂದು ಸ್ಟೂಲು ಎಳೆದು ಕೊಟ್ಟಳು.

"ಒಂದು ಹಾಡಿ, ನೋಡುವಾ."

ಹದಿಮೂರು ವರ್ಷಗಳಿಂದ ನಾನು ಹಾಡಿರಲಿಲ್ಲ. ಬಾಗಿಲು ತೆರೆಯುವ ಹಾಡನ್ನು ಎತ್ತಿಕೊಂಡೆ. ಮೊದಲ ಸಾಲಿನಲ್ಲೇ ದನಿ ಒಡೆಯಿತು. ಮತ್ತೆ ಮೊದಲಿಂದ ಶುರುಮಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಒಳಗಿನಿಂದ ಅವರ ತಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲ ಬಳಿ ನಿಂತರು. ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೆಲ್ಲನೆ ನೆಲಕ್ಕೆ ಕೂತರು.

ಮಗಳು ಮುಗಿಯುವವರೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅಮ್ಮನ ಸ್ವರ ಹೀಗೇ ಇತ್ತಾ?"

"ಇದಕ್ಕಿಂತ ದಪ್ಪ," ಎಂದೆ. "ಇದಕ್ಕಿಂತ ತುಂಬ ಚೆಂದ."

ಅವಳು ಕೇಳಿದಳು: "ಇನ್ನೊಮ್ಮೆ ಹಾಡ್ತೀರಾ? ದಪ್ಪ ಮಾಡಿ?"

ಶ್ರುತಿ ಇಳಿಸಿಕೊಂಡು ಮತ್ತೊಮ್ಮೆ ಹಾಡಿದೆ.